ಕೈಗುಣ ಅಲ್ಲ ಸ್ವಾಮಿ, ಬಿಸಿಲು

"ನನ್ನ ಕೈಗುಣಾನೇ ಸರಿ ಇಲ್ಲ ಕಣ್ರೀ, ಏನು ನೆಟ್ಟರೂ ಸಾಯುತ್ತೆ."

ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಈ ಮಾತನ್ನ ಎಷ್ಟು ಸಲ ಕೇಳಿದ್ದೀನೋ ಲೆಕ್ಕ ಇಲ್ಲ. ಹೇಳೋರು ಸಾಮಾನ್ಯದವರಲ್ಲ. ರಾತ್ರಿ ಎರಡು ಗಂಟೆಗೆ ಸರ್ವರ್ ಬಿದ್ದರೆ ಲಾಗ್ ಓದಿ, ಎಲ್ಲಿ ಎಡವಟ್ಟಾಗಿದೆ ಅಂತ ಅರ್ಧ ಗಂಟೆಯಲ್ಲಿ ಹಿಡಿಯೋ ಜನ. ಕಾರಣ ಇಲ್ಲದೆ ಏನೂ ಆಗಲ್ಲ ಅನ್ನೋದನ್ನ ನಂಬಿಯೇ ಸಂಬಳ ಎಣಿಸೋರು. ಅಂಥವರು ಬಾಲ್ಕನಿಗೆ ಬಂದು ಒಂದು ಟೊಮೆಟೊ ಗಿಡ ಸತ್ತ ತಕ್ಷಣ ತಮ್ಮ ಕೈಯಲ್ಲೇ ಏನೋ ದೋಷ ಇದೆ ಅಂತ ಒಪ್ಪಿಕೊಂಡುಬಿಡ್ತಾರೆ. ನನಗೆ ಸಿಟ್ಟು ಬರೋದು ಅವರ ಮೇಲಲ್ಲ. ಈ ಕೈಗುಣದ ಕಥೆಯಿಂದ ಯಾರ ವ್ಯಾಪಾರ ನಡೀತಿದೆಯೋ ಅವರ ಮೇಲೆ.

ನನ್ನ ಟೀಮಿನ ಒಬ್ಬರು ಹೋದ ವರ್ಷ ಒಂದು ಕಿಟ್ ತರಿಸಿದ್ದರು. ಐದು ಗ್ರೋ ಬ್ಯಾಗು, ಇಟ್ಟಿಗೆ ಥರ ಒತ್ತಿದ ಕೋಕೋಪೀಟು, ಒಂದಿಷ್ಟು ಗೊಬ್ಬರ, ಟೊಮೆಟೊ, ದಪ್ಪ ಮೆಣಸಿನಕಾಯಿ, ಬದನೆ ಬೀಜ. ಡಬ್ಬದ ಮೇಲೆ 'ಯಾವ ಬಾಲ್ಕನಿಯಲ್ಲಾದರೂ ಬೆಳೆಯಿರಿ' ಅಂತ ದಪ್ಪಕ್ಷರ, ಅದರ ಕೆಳಗೆ ಕೆಂಪು ಹಣ್ಣು ತೂಗಾಡೋ ಫೋಟೊ. ಬೀಜ ಚೆನ್ನಾಗೇ ಮೊಳೆಯಿತು. ಆಮೇಲೆ ಗಿಡ ಉದ್ದುದ್ದ, ಬಿಳಿಚಿಕೊಂಡು, ರೇಲಿಂಗ್ ಕಡೆಗೆ ಕತ್ತು ಚಾಚಿ ಬೆಳೆಯಿತು. ಹೂವು ನಾಲ್ಕು ಬಂತು, ನಾಲ್ಕೂ ಉದುರಿತು. ಕಂಪನಿಗೆ ಫೋನ್ ಮಾಡಿದರೆ ಮೊದಲ ಸಲ ಒಂದು ಬಾಟಲಿ ಪೋಷಕಾಂಶ ಕೊಳ್ಳಿ ಅಂದರು. ಎರಡನೇ ಸಲ ಬೇವಿನ ಎಣ್ಣೆ. ಮೂರನೇ ಸಲ, "ಮೇಡಂ, ಗಿಡ ನೋಡ್ಕೊಳ್ಳೋ ರೀತಿ ಒಬ್ಬೊಬ್ಬರದ್ದು ಒಂದೊಂದು ಥರ ಇರುತ್ತೆ." ಅಂದರೆ ಏನು? ಕೈಗುಣ ಅಂತ ತಾನೇ? ಅತ್ತೆಯವರೂ ಅದನ್ನೇ ಹೇಳಿದರಂತೆ. ಕೇಸ್ ಕ್ಲೋಸ್.

ಆ ಮೂರು ಫೋನಿನಲ್ಲಿ ಒಬ್ಬರೂ ಕೇಳದ ಪ್ರಶ್ನೆ ಒಂದಿದೆ: ನಿಮ್ಮ ಬಾಲ್ಕನಿಗೆ ಬಿಸಿಲು ಎಷ್ಟು ಹೊತ್ತು ಬೀಳುತ್ತೆ?

ಬನ್ನಿ, ಲೆಕ್ಕ ಹಾಕೋಣ. ನಮಗೆ ಬರೋದು ಅದೊಂದೇ. ಪೂರ್ವಕ್ಕೆ ಮುಖ ಮಾಡಿದ ಬಾಲ್ಕನಿ ಅಂತಿಟ್ಟುಕೊಳ್ಳಿ, ಬ್ರೋಕರ್ ಬಹಳ ಹೆಮ್ಮೆಯಿಂದ 'ಈಸ್ಟ್ ಫೇಸಿಂಗ್ ಸಾರ್' ಅನ್ನೋ ಥರದ್ದು. ಎದುರಿಗೆ 20 ಅಡಿ ದೂರದಲ್ಲಿ ಒಂದು ಪಿಜಿ ಕಟ್ಟಡ. ಅದರ ತುದಿ ನಿಮ್ಮ ನೆಲದಿಂದ 30 ಅಡಿ ಮೇಲಿದೆ. ಇದೇನು ಉತ್ಪ್ರೇಕ್ಷೆ ಅಲ್ಲ, ಬೆಂಗಳೂರಿನ ಅರ್ಧ ಬಡಾವಣೆಗಳು ಹೀಗೇ ಇವೆ. ಬಾಲ್ಕನಿ ನಾಲ್ಕು ಅಡಿ ಅಗಲ, ತಲೆ ಮೇಲೆ ಒಂಬತ್ತು ಅಡಿಗೆ ಮೇಲಿನ ಮನೆಯ ಬಾಲ್ಕನಿ. ಸೂರ್ಯ ಗಂಟೆಗೆ 15 ಡಿಗ್ರಿಯಂತೆ ಸರಿಯುತ್ತಾನೆ. ರೇಲಿಂಗ್ ಪಕ್ಕದ ಕುಂಡಕ್ಕೆ ಪಿಜಿಯ ತುದಿ ಸುಮಾರು 56 ಡಿಗ್ರಿ ಮೇಲೆ ಕಾಣುತ್ತೆ. ಮಾರ್ಚ್ ತಿಂಗಳಲ್ಲಿ ಸೂರ್ಯ ಅದನ್ನ ದಾಟಿ ಬರೋ ಹೊತ್ತಿಗೆ ಹತ್ತೂಕಾಲು. ಮಧ್ಯಾಹ್ನ ಹನ್ನೆರಡೂವರೆಗೆ ನೆತ್ತಿ ದಾಟಿ ಕಟ್ಟಡದ ಹಿಂದಕ್ಕೆ ಹೋದ. ಸಿಕ್ಕಿದ್ದು ಎರಡು ಗಂಟೆ ಚಿಲ್ಲರೆ. ಅದೂ ಕಂಬಿಯ ರೇಲಿಂಗ್ ಇದ್ದರೆ. ಗೋಡೆ ಕಟ್ಟಿದ್ದರೆ ಅದೂ ಖೋತಾ. ಇನ್ನು ಒಳಗೋಡೆಗೆ ಒರಗಿಸಿಟ್ಟ ಕುಂಡದ ಕಥೆ: ಸೂರ್ಯ 66 ಡಿಗ್ರಿ ಏರುತ್ತಿದ್ದಂತೆ ಮೇಲಿನ ಮನೆಯ ಸ್ಲ್ಯಾಬು ಅಡ್ಡ ಬರುತ್ತೆ. ಅದಕ್ಕೆ ಸಿಗೋದು ಹತ್ತರಿಂದ ಹನ್ನೊಂದು, ಒಂದೇ ಒಂದು ಗಂಟೆ.

ಟೊಮೆಟೊಗೆ ಬೇಕಾದದ್ದು ಕಡಿಮೆ ಅಂದರೆ ಆರು ಗಂಟೆಯ ನೇರ ಬಿಸಿಲು. ಬದನೆ, ಬೆಂಡೆ, ಮೆಣಸಿನಕಾಯಿ, ಹೀರೆ, ಹಾಗಲ ಎಲ್ಲದಕ್ಕೂ ಅಷ್ಟೇ. ಆರು ಎಲ್ಲಿ, ಒಂದು ಎಲ್ಲಿ? ಮಿನಿಮಮ್ ರಿಕ್ವೈರ್‌ಮೆಂಟ್‌ನ ಆರನೇ ಒಂದು ಭಾಗ ಕೊಟ್ಟು ಸಾಫ್ಟ್‌ವೇರ್ ಯಾಕೆ ಓಡಲಿಲ್ಲ ಅಂತ ಕೇಳಿದರೆ ನಾವು ನಗ್ತೀವಿ ತಾನೇ?

"ಆದರೆ ನಮ್ಮ ಬಾಲ್ಕನಿ ತುಂಬಾ ಬೆಳಕಾಗಿದೆಯಲ್ಲ" ಅಂತೀರಿ. ಅಲ್ಲೇ ಮೋಸ ಹೋಗೋದು. ಕಣ್ಣು ಮಹಾ ಸುಳ್ಳು ಸಾಕ್ಷಿ. ಬೆಳಕು ಹತ್ತು ಪಟ್ಟು ಇಳಿದರೂ ಪಾಪೆ ಅಗಲ ಮಾಡಿಕೊಂಡು, ಎಲ್ಲ ಸರಿಯಾಗಿದೆ ಅಂತ ವರದಿ ಕೊಡುತ್ತೆ. ಮಧ್ಯಾಹ್ನದ ನೇರ ಬಿಸಿಲು ಸುಮಾರು ಒಂದು ಲಕ್ಷ ಲಕ್ಸ್. ನೀವು ಕೂತು ಕೆಲಸ ಮಾಡೋ ಆಫೀಸಿನ ಟೇಬಲ್ ಮೇಲೆ ಇರೋದು 300ರಿಂದ 500. ಎರಡೂ ಕಡೆ ನೀವು ಆರಾಮಾಗಿ ಪೇಪರ್ ಓದಬಹುದು. ಗಿಡ ಓದೋಕೆ ಬಂದಿಲ್ಲ, ಉಣ್ಣೋಕೆ ಬಂದಿದೆ. ಆಂಡ್ರಾಯ್ಡ್ ಫೋನಿಗೆ ಬೆಳಕು ಅಳೆಯೋ ಪುಕ್ಕಟೆ ಆ್ಯಪ್ ಇವೆ. ತೀರಾ ಕರಾರುವಾಕ್ಕಲ್ಲ, ಆದರೆ ರೇಲಿಂಗ್ ಹತ್ತಿರ ಒಮ್ಮೆ, ಒಳಗೋಡೆಯ ಹತ್ತಿರ ಒಮ್ಮೆ ಹಿಡಿದು ನೋಡಿ. ಮೂರು ಹೆಜ್ಜೆಯಲ್ಲಿ ಅಂಕಿ ಎಷ್ಟು ಬೀಳುತ್ತೆ ಅಂತ ನೋಡಿದ ಮೇಲೆ ಕೈಗುಣದ ಮಾತು ಬರಲ್ಲ.

ಹಳ್ಳಿಯಲ್ಲಿ ಇದನ್ನ ಯಾರಿಗೂ ಹೇಳಿಕೊಡಬೇಕಿಲ್ಲ. ನಮ್ಮೂರು ಮಲೆನಾಡು, ಶಿವಮೊಗ್ಗ ಜಿಲ್ಲೆ. ಗದ್ದೆಯ ಬದುವಿನಲ್ಲಿ ಒಂದು ಮರ ಇದ್ದರೆ ಅದರ ನೆರಳು ಬಿದ್ದಷ್ಟು ಜಾಗದಲ್ಲಿ ಭತ್ತದ ತೆನೆ ಜೊಳ್ಳು. ಅದಕ್ಕೇ ಮಳೆಗಾಲಕ್ಕೆ ಮುಂಚೆ ಕೊಂಬೆ ಸವರ್ತಾರೆ. ಪಕ್ಕದ ಗದ್ದೆಯವನ ಮರ ಆಗಿದ್ದು ಅವನು ಸವರಲು ಬಿಡದಿದ್ದರೆ ಪಂಚಾಯ್ತಿ ಸೇರುತ್ತೆ. ಅಣ್ಣ ತಮ್ಮಂದಿರು ಮಾತು ಬಿಟ್ಟಿರೋದು ನಾನೇ ನೋಡಿದ್ದೀನಿ, ಒಂದು ಹಲಸಿನ ಕೊಂಬೆಗೆ. ನೆರಳು ಅಂದರೆ ನಷ್ಟ, ನಷ್ಟ ಅಂದರೆ ಇಷ್ಟು ಸೇರು ಭತ್ತ ಅನ್ನೋ ಲೆಕ್ಕ ಅವರಿಗೆ ಬಾಯಿಪಾಠ. ಅದೇ ಜನರ ಮಕ್ಕಳು, ನಾವು, ಇಲ್ಲಿ ಎಂಟು ಮಹಡಿಯ ನೆರಳಲ್ಲಿ ಬದನೆ ನೆಟ್ಟು ದೇವರ ಮೇಲೆ ಭಾರ ಹಾಕ್ತೀವಿ.

ದಿಕ್ಕಿನ ವಿಷಯದಲ್ಲೂ ಅಂತರ್ಜಾಲದ ಸಲಹೆ ನಂಬಬೇಡಿ. 'ದಕ್ಷಿಣದ ಬಾಲ್ಕನಿ ಅಂದರೆ ಬಿಸಿಲು, ಉತ್ತರದ್ದು ಅಂದರೆ ಕತ್ತಲು' ಅಂತ ಬರೆದಿರೋರು ಬಹುಪಾಲು ಅಮೆರಿಕ, ಇಂಗ್ಲೆಂಡಿನವರು. ಅಲ್ಲಿ ಸೂರ್ಯ ವರ್ಷಪೂರ್ತಿ ದಕ್ಷಿಣಕ್ಕೇ ಇರ್ತಾನೆ. ನಾವಿರೋದು 13 ಡಿಗ್ರಿ ಅಕ್ಷಾಂಶದಲ್ಲಿ. ಬೆಂಗಳೂರಿನಲ್ಲಿ ಏಪ್ರಿಲ್ 24ರ ಆಸುಪಾಸು ಮತ್ತು ಆಗಸ್ಟ್ 18ರ ಆಸುಪಾಸು ಸೂರ್ಯ ಸರಿಯಾಗಿ ನೆತ್ತಿ ಮೇಲೆ ಬರ್ತಾನೆ. ಶೂನ್ಯ ನೆರಳಿನ ದಿನ ಅಂತ ಮಕ್ಕಳು ಬಾಟಲಿ ನಿಲ್ಲಿಸಿ ನೋಡ್ತಾರಲ್ಲ, ಅದು. ಆ ಎರಡು ದಿನದ ನಡುವೆ ಮಧ್ಯಾಹ್ನದ ಸೂರ್ಯ ನಮಗೆ ಉತ್ತರಕ್ಕಿರ್ತಾನೆ. ಹಾಗಾಗಿ ದಕ್ಷಿಣದ ಬಾಲ್ಕನಿಗೆ ಮೇ ತಿಂಗಳಲ್ಲಿ ಸ್ಲ್ಯಾಬಿನ ನೆರಳೇ ಗತಿ, ಡಿಸೆಂಬರಿನಲ್ಲಿ ಮಾತ್ರ ಒಳಗಿನವರೆಗೂ ಬಿಸಿಲು. ಉತ್ತರದ್ದಕ್ಕೆ ಮೇ, ಜೂನಿನಲ್ಲಿ ಬೆಳಿಗ್ಗೆ ಸಂಜೆ ಓರೆ ಬಿಸಿಲು ಬರುತ್ತೆ, ಅಷ್ಟರಲ್ಲಿ ಮೋಡವೂ ಬರುತ್ತೆ. ಲಂಡನ್ನಿನ ಸಲಹೆ ಓದಿಕೊಂಡು ಬನಶಂಕರಿಯಲ್ಲಿ ಬೇಸಿಗೆಗೆ ಟೊಮೆಟೊ ನೆಟ್ಟರೆ ಆಗೋದು ಇದೇ.

ನಮ್ಮ ಜಾತಿಯವರು, ಅಂದರೆ ಇಂಜಿನಿಯರ್ ಜಾತಿ, ಇಲ್ಲಿಗೆ ಬರುವಷ್ಟರಲ್ಲಿ "ಗ್ರೋ ಲೈಟ್ ಹಾಕಿದರಾಯ್ತಪ್ಪ" ಅಂತಿರ್ತಾರೆ. ಸರಿ, ಅದಕ್ಕೂ ಲೆಕ್ಕ. ಟೊಮೆಟೊ ಹಣ್ಣು ಬಿಡೋಕೆ ಒಂದು ಚದರ ಮೀಟರಿಗೆ ದಿನಕ್ಕೆ ಸುಮಾರು 20 ಮೋಲ್ ಬೆಳಕು ಬೇಕು. ಒಳ್ಳೆ ಎಲ್ಇಡಿ ಒಂದು ಜೂಲ್ ಕರೆಂಟಿಗೆ ಎರಡೂವರೆ ಮೈಕ್ರೋಮೋಲ್ ಕೊಡುತ್ತೆ. ಭಾಗಿಸಿ ನೋಡಿ: ದಿನಕ್ಕೆ ಎರಡು ಯೂನಿಟ್‌ಗೂ ಮೇಲೆ. ಅದೂ ಒಂದು ಹನಿ ಬೆಳಕೂ ಗೋಡೆಗೆ ಬೀಳದೆ ಎಲ್ಲ ಎಲೆ ಮೇಲೇ ಬಿದ್ದರೆ. ಮೂರು ತಿಂಗಳ ಬೆಳೆಗೆ 200 ಯೂನಿಟ್. ಸಿಗೋದು ಎರಡು ಮೂರು ಗಿಡದ ಹಣ್ಣು. ಮೇಲಿಂದ ಆಕಾಶದಲ್ಲಿ ಪುಕ್ಕಟೆ ಸುರೀತಿರೋದನ್ನ ಕೆಳಗೆ ದೀಪ ಹಚ್ಚಿ ಕೊಳ್ಳೋದಕ್ಕೆ 'ಸಸ್ಟೈನಬಲ್' ಅಂತ ಹೆಸರು ಬೇರೆ.

ಇನ್ನೊಂದು ಅನ್ಯಾಯ ಅಂದರೆ, ನೆರಳಿನ ಗಿಡಕ್ಕೆ ಗೊಬ್ಬರ ಮಾರೋದು. ಗಿಡ ಬಿಳಿಚಿಕೊಂಡಿರೋದು ಹಸಿವಿನಿಂದ ಅಂತ ಇವರು ಹೇಳ್ತಾರೆ. ಅಡುಗೆ ಮಾಡೋಕೆ ಒಲೆಯೇ ಹೊತ್ತಿಲ್ಲ, ಅಕ್ಕಿ ಮೂಟೆ ತಂದು ಸುರಿದರೆ ಏನು ಪ್ರಯೋಜನ? ಸಾರಜನಕ ಜಾಸ್ತಿಯಾಗಿ ಎಲೆ ಇನ್ನೂ ಮೆತ್ತಗಾಗುತ್ತೆ, ಮೆತ್ತಗಿನ ಚಿಗುರಿಗೆ ಹೇನು, ಹಿಟ್ಟುತಿಗಣೆ ಮುತ್ತುತ್ವೆ. ಆಗ ಬೇವಿನೆಣ್ಣೆ ಮಾರಬಹುದು. ನೀರಿನದ್ದೂ ಇದೇ ಕಥೆ. 'ದಿನಾ ಬೆಳಿಗ್ಗೆ ನೀರು ಹಾಕಿ' ಅನ್ನೋದು ಬಿಸಿಲಿನ ಗಿಡಕ್ಕೆ ಹೇಳಿದ ಮಾತು. ನೆರಳಲ್ಲಿ ಕುಂಡ ಒಣಗೋದು ನಿಧಾನ, ಕೋಕೋಪೀಟಂತೂ ಮೇಲೆ ಒಣಗಿ ಕಂಡರೂ ಒಳಗೆ ನೀರು ಹಿಡಿದುಕೊಂಡಿರುತ್ತೆ. ದಿನಾ ಹಾಕಿದರೆ ಬೇರು ಕೊಳೆಯುತ್ತೆ, ಬೇರು ಕೊಳೆತ ಗಿಡ ಬಾಡುತ್ತೆ, ಬಾಡಿತು ಅಂತ ನೀವು ಇನ್ನೊಂದು ಚೊಂಬು ಹಾಕ್ತೀರಿ. ಬೆರಳು ಎರಡು ಗೆಣ್ಣು ಮಣ್ಣಿಗಿಳಿಸಿ, ತೇವ ಇದ್ದರೆ ಸುಮ್ಮನೆ ವಾಪಸ್ ಬನ್ನಿ. ಇದಕ್ಕೆ ಸೆನ್ಸರ್, ಆ್ಯಪ್ ಬೇಡ.

ಈ ಟೊಮೆಟೊ ಹುಚ್ಚಿಗೆ ಇನ್ನೊಂದು ಮುಖ ಇದೆ, ಅದು ನನಗೆ ಹೆಚ್ಚು ಚುಚ್ಚೋದು. 2023ರ ಜುಲೈನಲ್ಲಿ ಟೊಮೆಟೊ ಕಿಲೋಗೆ ನೂರು ರೂಪಾಯಿ ದಾಟಿತ್ತಲ್ಲ, ಕೋಲಾರದ ಎಪಿಎಂಸಿಯಲ್ಲಿ 15 ಕಿಲೋ ಬಾಕ್ಸು ಎರಡು ಸಾವಿರ ದಾಟಿ ಹೋಗಿತ್ತು. ಆಗ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿನಲ್ಲಿ ದಿನಾ ಒಂದು ಫಾರ್ವರ್ಡ್: ಮನೆಯಲ್ಲೇ ಬೆಳೆಯಿರಿ, ಮಾರುಕಟ್ಟೆಗೆ ಬುದ್ಧಿ ಕಲಿಸಿ. ಯಾರಿಗೆ ಬುದ್ಧಿ ಕಲಿಸೋದು? ವರ್ಷಗಟ್ಟಲೆ ನಷ್ಟ ತಿಂದು ಒಂದು ಸಲ ಕೈಯಲ್ಲಿ ನಾಲ್ಕು ಕಾಸು ಕಂಡ ರೈತನಿಗಾ? ಬೆಲೆ ಬಿದ್ದು ಕೀಳೋ ಕೂಲಿಯೂ ಹುಟ್ಟದೆ ಹಣ್ಣನ್ನ ರಸ್ತೆಗೆ ಸುರಿಯೋ ದಿನಗಳಲ್ಲಿ 'ಈ ವಾರ ಎರಡು ಕಿಲೋ ಜಾಸ್ತಿ ತಗೊಳ್ಳೋಣ' ಅಂತ ಅದೇ ಗ್ರೂಪಿನಲ್ಲಿ ಒಂದು ಮೆಸೇಜೂ ಬಂದಿದ್ದು ನಾನು ಕಾಣೆ. ಬಿಸಿಲು ರೈತನ ಬಂಡವಾಳ, ಕೋಲಾರದ ಬಯಲಿನಲ್ಲಿ ಅದು ಧಾರಾಳ ಇದೆ. ಟೊಮೆಟೊ ಅಲ್ಲಿ ಬೆಳೆಯಲಿ, ದುಡ್ಡು ಕೊಟ್ಟು ತಗೊಳ್ಳೋಣ. ಅವನು ಮಾಡೋ ಕೆಲಸವನ್ನ ಐದು ಗ್ರೋ ಬ್ಯಾಗಿನಲ್ಲಿ ನಾವೂ ಮಾಡಿಬಿಡಬಹುದು ಅನ್ನೋ ಭ್ರಮೆ ಬೇಡ.

ಹಾಗಾದರೆ ಬಾಲ್ಕನಿಯಲ್ಲಿ ಏನೂ ಬೆಳೆಯಬಾರದಾ, ಹಳೇ ಸೈಕಲ್ಲು, ವಾಷಿಂಗ್ ಮೆಷಿನ್ನು ಇಟ್ಟು ಬಾಗಿಲು ಹಾಕಿಕೊಳ್ಳೋಣವಾ? ಖಂಡಿತ ಅಲ್ಲ. ನನ್ನ ವಾದವೇ ಬೇರೆ. ನಿಮ್ಮ ಬಾಲ್ಕನಿ ಗದ್ದೆ ಅಲ್ಲ, ಅಡಿಕೆ ತೋಟದ ಒಳಗು. ತೋಟದೊಳಗೆ ನೆಲದವರೆಗೆ ಬರೋ ಬಿಸಿಲು ಚುಕ್ಕೆ ಚುಕ್ಕೆ. ಅಲ್ಲಿ ಯಾರೂ ಟೊಮೆಟೊ ಹಾಕಲ್ಲ. ಆದರೆ ತೋಟ ಖಾಲಿಯೂ ಇಲ್ಲ. ವೀಳ್ಯದೆಲೆ, ಕಾಳುಮೆಣಸು, ಏಲಕ್ಕಿ ಎಲ್ಲ ಆ ನೆರಳನ್ನೇ ನಂಬಿ ಬದುಕಿರೋ ಬೆಳೆಗಳು. ಮನೆ ಹಿಂದಿನ ಹಿತ್ತಿಲಲ್ಲಿ, ಬಚ್ಚಲ ನೀರು ಹರಿಯೋ ಕಡೆ, ಹಲಸಿನ ಮರದ ಬುಡದಲ್ಲಿ ನಮ್ಮಮ್ಮ ಅರ್ಧ ವರ್ಷದ ಸಾರು, ತಂಬುಳಿಗೆ ಬೇಕಾದದ್ದನ್ನ ಕಿತ್ತು ತರ್ತಾರೆ. ಅವುಗಳಿಗೆ ಬೆಂಗಳೂರಿನ ಕಿಟ್ ಕಂಪನಿಯವರ ಕ್ಯಾಟಲಾಗಿನಲ್ಲಿ ಜಾಗ ಇಲ್ಲ. ಯಾಕೆ ಗೊತ್ತಾ? ಒಮ್ಮೆ ನೆಟ್ಟರೆ ಮತ್ತೆ ಬೀಜ ಕೊಳ್ಳಬೇಕಿಲ್ಲ.

ಒಂದೆಲಗ ತಗೊಳ್ಳಿ. ಇದಕ್ಕೆ ಆಳದ ಕುಂಡ ದಂಡ. ಅಗಲದ ಟ್ರೇ, ಹಳೇ ಟಬ್ಬು, ಅರ್ಧ ಅಡಿ ಮಣ್ಣು ಸಾಕು. ನೆರಳು, ತೇವ ಎರಡೂ ಇಷ್ಟ. ನೀರು ಕಡಿಮೆ ಹಾಕಿ ಅಂತ ಮೇಲೆ ಹೇಳಿದ್ದು ಇದಕ್ಕೆ ಅನ್ವಯ ಆಗಲ್ಲ. ಬೇರಿರೋ ಎರಡು ಕುಡಿ ಊರಿದರೆ ನೆಲದ ಮೇಲೆ ಹರಿದುಕೊಂಡು ಎರಡು ಮೂರು ತಿಂಗಳಲ್ಲಿ ಟಬ್ಬು ತುಂಬುತ್ತೆ. ಒಂದು ಹಿಡಿ ಎಲೆ, ಕಾಯಿತುರಿ, ಜೀರಿಗೆ, ನಾಲ್ಕು ಕಾಳುಮೆಣಸು ರುಬ್ಬಿ ಮಜ್ಜಿಗೆಗೆ ಕಲಸಿದರೆ ತಂಬುಳಿ. ಸ್ಟ್ಯಾಂಡಪ್ ಮೀಟಿಂಗ್ ಮುಗಿಯೋದರೊಳಗೆ ಆಗುತ್ತೆ. ದೊಡ್ಡಪತ್ರೆ ಇನ್ನೂ ಸಲೀಸು, ಗೆಣ್ಣು ಮುರಿದು ಚುಚ್ಚಿದರೆ ಬೇರು ಬಿಡುತ್ತೆ. ಅದಕ್ಕೆ ನೀರು ಕಡಿಮೆಯೇ ಇರಲಿ, ಜಾಸ್ತಿಯಾದರೆ ಕೊಳೆಯುತ್ತೆ. ಪುದೀನಕ್ಕೆ ನರ್ಸರಿಗೆ ಹೋಗಬೇಡಿ. ಮಾರ್ಕೆಟ್ಟಿನಿಂದ ತಂದ ಕಟ್ಟಿನಲ್ಲಿ ಎಲೆ ಬಿಡಿಸಿಕೊಂಡು ದಪ್ಪ ಕಡ್ಡಿಗಳನ್ನ ಲೋಟದ ನೀರಿನಲ್ಲಿ ಇಡಿ, ವಾರದಲ್ಲಿ ಬೇರು. ರೇಲಿಂಗ್ ಪಕ್ಕದ ಎರಡು ಗಂಟೆ ಬಿಸಿಲಿನ ಜಾಗ ಅದಕ್ಕೆ, ಬಸಳೆಗೆ, ಕೊತ್ತಂಬರಿಗೆ ಮೀಸಲು. ಬಸಳೆ ಎಲೆ ಬಿಸಿಲಿನಲ್ಲಿ ಬೆಳೆದಷ್ಟು ದಪ್ಪ ಇರಲ್ಲ, ಆದರೆ ಬರುತ್ತೆ, ಕಂಬಿಗೆ ಹಬ್ಬುತ್ತೆ.

ಅರಿಶಿನ, ಶುಂಠಿ ಮೊದಲ ಮಳೆ ಬಿದ್ದ ಮೇಲೆ, ಮೇ ತಿಂಗಳಲ್ಲಿ ಅಡುಗೆಮನೆಯ ಡಬ್ಬದಿಂದಲೇ ಮೊಳಕೆ ಬಂದ ತುಂಡು ಆರಿಸಿ ಹೂಳಿ. ನೆರಳಲ್ಲಿ ಗೆಡ್ಡೆ ಚಿಕ್ಕದಾಗುತ್ತೆ, ಒಪ್ಪಿದೆ. ಎಲೆ ಮಾತ್ರ ಭರ್ಜರಿ. ಶ್ರಾವಣಕ್ಕೆ ಅರಿಶಿನ ಎಲೆಯ ಕಡುಬಿಗೆ ಎಲೆ ಹುಡುಕಿಕೊಂಡು ಗಾಂಧಿಬಜಾರಿನವರೆಗೆ ಹೋಗೋದು ತಪ್ಪುತ್ತೆ. ಹಾಗೆಯೇ ಮೆಂತ್ಯ. ಒತ್ತೊತ್ತಾಗಿ ಚೆಲ್ಲಿ, ನಾಲ್ಕು ಬೆರಳು ಎತ್ತರ ಆದಾಗ ಕತ್ತರಿಸಿಕೊಂಡುಬಿಡಿ. ಆ ವಯಸ್ಸಿಗೆ ಅದು ಬಹುಪಾಲು ಬೀಜದೊಳಗಿನ ಬುತ್ತಿಯಲ್ಲೇ ಬದುಕಿರುತ್ತೆ, ಬಿಸಿಲಿಗೆ ಕೈ ಚಾಚಿರಲ್ಲ.

ಚಕ್ರಮುನಿ ಸೊಪ್ಪಿನ ಬಗ್ಗೆ ಒಂದು ಮಾತು. ನೆರಳಲ್ಲೂ ಚೆನ್ನಾಗಿ ಬರುತ್ತೆ, ವಿಟಮಿನ್ ಸೊಪ್ಪು ಅಂತ ಎಲ್ಲರೂ ಕಡ್ಡಿ ಹಂಚ್ತಾರೆ. ಬೇಯಿಸಿ ಸಾರಿಗೆ, ಪಲ್ಯಕ್ಕೆ ಅಪರೂಪಕ್ಕೆ ಹಾಕಿಕೊಳ್ಳಿ. ಹಸಿ ಎಲೆಯ ಜ್ಯೂಸು ಮಾಡಿ ದಿನಾ ಕುಡಿಯೋ ಸಾಹಸ ಮಾತ್ರ ಬೇಡವೇ ಬೇಡ. 1990ರ ದಶಕದಲ್ಲಿ ತೈವಾನಿನಲ್ಲಿ ತೂಕ ಇಳಿಸೋಕೆ ಅಂತ ಹಾಗೆ ಕುಡಿದು ಹಲವರ ಶ್ವಾಸಕೋಶ ಹಾಳಾಗಿತ್ತು. 'ನ್ಯಾಚುರಲ್' ಅಂದ ತಕ್ಷಣ ಕಣ್ಣು ಮುಚ್ಚಿ ಗುಟುಕರಿಸೋರಿಗೆ ಇದನ್ನ ಹೇಳಲೇಬೇಕು.

"ಇದೆಲ್ಲ ಸೊಪ್ಪಾಯ್ತು, ತರಕಾರಿ ಎಲ್ಲಿ?" ಇದೇ ಪ್ರಶ್ನೆ ನನಗೆ ತಮಾಷೆ ಅನ್ನಿಸೋದು. ಯಾವಾಗಿಂದ ಸೊಪ್ಪು ತರಕಾರಿ ಅಲ್ಲದೆ ಹೋಯ್ತು? ಫೋಟೊದಲ್ಲಿ ಕೆಂಪಗೆ ಕಾಣಬೇಕು, ಕೈಯಲ್ಲಿ ಹಿಡಿದು ಸ್ಟೇಟಸ್ ಹಾಕೋ ಹಾಗಿರಬೇಕು, ಅದೇ ತರಕಾರಿ ಅಂತ ಯಾರು ಹೇಳಿದ್ದು? ಒಂದೆಲಗಕ್ಕೆ ಲೈಕ್ ಬರಲ್ಲ, ನಿಜ. ಇದರಿಂದ ಮನೆಖರ್ಚು ಉಳಿಯುತ್ತೆ ಅಂತಲೂ ನಾನು ಹೇಳಲ್ಲ, ಉಳಿಯೋದು ಅಷ್ಟರಲ್ಲೇ ಇದೆ. ಆದರೆ ಈ ಎಲೆಗಳು ನಿಮ್ಮ ಏರಿಯಾದ ಸೂಪರ್ ಮಾರ್ಕೆಟ್ಟಿನಲ್ಲಿ ಬಹುಪಾಲು ಸಿಗಲ್ಲ. ಟೊಮೆಟೊ ಮೂರು ಹೆಜ್ಜೆಗೊಂದು ಅಂಗಡಿಯಲ್ಲಿ ಸಿಗುತ್ತೆ. ಸಿಗೋದನ್ನ ಬೆಳೆಯೋಕೆ ಒದ್ದಾಡಿ, ಸಿಗದೇ ಇರೋದನ್ನ ಬಿಟ್ಟುಬಿಡೋದು ಯಾವ ಜಾಣತನ?

ಕಿಟ್ ಮಾರೋರಿಗೆ ನನ್ನದು ಒಂದೇ ಬೇಡಿಕೆ. ಮಾರಿ, ಬೇಡ ಅನ್ನಲ್ಲ. ಪ್ರತಿ ಬೀಜದ ಪ್ಯಾಕೆಟ್ಟಿನ ಮೇಲೆ 'ಇಷ್ಟು ಗಂಟೆ ನೇರ ಬಿಸಿಲು ಬೇಕು' ಅಂತ, ಬೆಲೆ ಬರೆದಷ್ಟೇ ದಪ್ಪಗೆ ಬರೆಯಿರಿ. ಆರ್ಡರ್ ತಗೊಳ್ಳೋ ಮುಂಚೆ ಪಿನ್‌ಕೋಡ್ ಕೇಳ್ತೀರಿ, ಫ್ಲ್ಯಾಟ್ ನಂಬರ್ ಕೇಳ್ತೀರಿ, ಅದರ ಜೊತೆ ಬಾಲ್ಕನಿಗೆ ಬಿಸಿಲು ಎಷ್ಟು ಗಂಟೆ ಅಂತಲೂ ಕೇಳಿ. ಎರಡು ಗಂಟೆ ಅಂದೋರಿಗೆ ದಪ್ಪ ಮೆಣಸಿನಕಾಯಿ ಬೀಜ ಕಳಿಸಬೇಡಿ. ವ್ಯಾಪಾರ ಕಡಿಮೆಯಾಗುತ್ತೆ ಅಂತ ಗೊತ್ತು. ಅದಕ್ಕೇ ಇದುವರೆಗೂ ಕೇಳಿಲ್ಲ ಅಂತಲೂ ಗೊತ್ತು.

ಮನೆ ಹುಡುಕ್ತಾ ಇರೋರು ಬೆಳಿಗ್ಗೆ ಹತ್ತಕ್ಕೊಮ್ಮೆ, ಮಧ್ಯಾಹ್ನ ಮೂರಕ್ಕೊಮ್ಮೆ ಹೋಗಿ ಬಾಲ್ಕನಿಯಲ್ಲಿ ನಿಂತು ನೋಡಿ. ಬ್ರೋಕರ್ ಸಂಜೆ ಏಳಕ್ಕೆ ಕರೆದರೆ ಒಪ್ಪಬೇಡಿ. ಎದುರಿಗೆ ಖಾಲಿ ಸೈಟಿದ್ದರೆ ಖುಷಿಪಡೋದಕ್ಕೆ ಮುಂಚೆ ಒಂದು ಯೋಚನೆ: ಅಲ್ಲಿ ನಾಳೆ ಎಷ್ಟು ಮಹಡಿ ಏಳಬಹುದು? ಬದಿಗೆ ಬಿಡಬೇಕಾದ ಜಾಗವನ್ನ ಬಿಡದೆ ಕಟ್ಟಿದ ಕಟ್ಟಡ ನಿಮ್ಮ ಮನೆಯ ಬಿಸಿಲನ್ನ ತಿಂದಿರುತ್ತೆ. ಊರಲ್ಲಿ ಒಂದು ಹಲಸಿನ ಕೊಂಬೆಗೆ ಪಂಚಾಯ್ತಿ ಸೇರುತ್ತೆ, ಇಲ್ಲಿ ಆರು ಮಹಡಿಗೆ ಯಾರೂ ಸೇರಲ್ಲ. ನಮ್ಮ ಅಸೋಸಿಯೇಷನ್ ಮೀಟಿಂಗಿನಲ್ಲಿ ನಾನು ಈ ಮಾತು ಎತ್ತಿದಾಗ, ಅದನ್ನ ಬಿಟ್ಟು ಪಾರ್ಕಿಂಗ್ ವಿಷಯಕ್ಕೆ ಬನ್ನಿ ಅಂದರು.

ಈಗಾಗಲೇ ಟೊಮೆಟೊಗೆ ಅಂತ 20 ಲೀಟರಿನ ದೊಡ್ಡ ಕುಂಡ ತಂದಿಟ್ಟುಕೊಂಡಿರೋರು ಅದನ್ನ ಬಿಸಾಡಬೇಡಿ. ಅದಕ್ಕೆ ಕೆಸು ಹಾಕಿ. ನೆರಳು, ಒದ್ದೆ ಮಣ್ಣು, ಆಳದ ಕುಂಡ ಇದ್ದರೆ ಆನೆ ಕಿವಿಯಂಥ ಎಲೆ ಬಿಡುತ್ತೆ. ಸೊಪ್ಪು ಮಾರೋರ ಹತ್ತಿರ ಪತ್ರೊಡೆ ಮಾಡೋ ಕೆಸುವಿನ ಗೆಡ್ಡೆ ಅಂತ ಸ್ಪಷ್ಟವಾಗಿ ಕೇಳಿ ತಗೊಳ್ಳಿ. ಅಲಂಕಾರದ ಕುಂಡಗಳಲ್ಲಿ ಇರೋ ಬಣ್ಣಬಣ್ಣದ ಎಲೆ ಕಿತ್ತು ತಿನ್ನೋಕೆ ಹೋಗಬೇಡಿ. ಕೆಸುವಿನಲ್ಲಿ ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳು ಇರುತ್ತೆ, ಹುಣಸೆ ಹುಳಿ ಧಾರಾಳ ಹಾಕಿ ಚೆನ್ನಾಗಿ ಬೇಯಿಸದಿದ್ದರೆ ಗಂಟಲು ತುರಿಸುತ್ತೆ. ಮತ್ತೆ ಒದ್ದೆ ಮಣ್ಣು ತುಂಬಿದ ಆ ಕುಂಡ 25-30 ಕಿಲೋ ತೂಗುತ್ತೆ, ಅದನ್ನ ರೇಲಿಂಗ್ ಮೇಲೆ ನೇತುಹಾಕಬೇಡಿ, ನೆಲದ ಮೇಲಿರಲಿ. ಅಡಿಗೆ ಒಂದು ತಟ್ಟೆ ಇಡಿ, ಕೆಳಗಿನ ಮನೆಯವರು ಬಟ್ಟೆ ಒಣಗಿಸಿರ್ತಾರೆ.